ನಾನು ‘ಜಾನಪದ’ ಎಂದು ಬರೆದ ಹಾಡು

ಆಲ್ಬಮ್ಮಿನ ಮುಖಚಿತ್ರದಲ್ಲಿ ನಾನೊಬ್ಬನೇ ಇದ್ದೇನೆ. ಗುಡೇಕೋಟೆ ಕಡೆಯ ಒಂದು ಬಂಡೆ ಹತ್ತಿ, ಬೇಸ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು, ಎತ್ತಲೋ ದೂರ ನೋಡುತ್ತ ನಿಂತಿದ್ದೇನೆ. ಆ ಆಲ್ಬಮ್ಮಿನಲ್ಲಿ ಏಳು ಹಾಡುಗಳಿದ್ದವು. ನುಡಿಸಿದವರು, ಹಾಡಿದವರು ಎಲ್ಲ ಸೇರಿ ಹತ್ತು ಹನ್ನೆರಡು ಜನ. ಹರಪನಹಳ್ಳಿಯ ಮದುವೆ ಬ್ಯಾಂಡಿನ ಕ್ಲಾರಿಯೋನೆಟ್ ಇತ್ತು, ಹಡಗಲಿಯವರ ಹಲಗೆ ಇತ್ತು, ಹಗರಿಬೊಮ್ಮನಹಳ್ಳಿಯ ಒಂದು ಭಜನಾ ಮಂಡಳಿಯವರ ತಾಳ, ಗುಂಪುದನಿ ಇದ್ದವು. ಆದರೂ ಕೇಳಿದವರಿಗೆಲ್ಲ ನಾನು ‘ನನ್ನ ಸೋಲೋ ಆಲ್ಬಂ’ ಅಂತಲೇ ಹೇಳುತ್ತಿದ್ದೆ. ಅಷ್ಟೂ ಜನರನ್ನು ಆ ಬಂಡೆಯ ಮೇಲೆ ನಿಲ್ಲಿಸಬಹುದಿತ್ತು. ಬಂಡೆ ಸಾಕಷ್ಟು ದೊಡ್ಡದಿತ್ತು.

ಏಳು ಹಾಡುಗಳಲ್ಲಿ ಒಂದರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಅದು ಈಗ ಆಲ್ಬಮ್ಮಿನಲ್ಲಿಲ್ಲ.

ಅದಕ್ಕೂ ಮೊದಲು ಒಂಬತ್ತು ವರ್ಷ ನಾನೊಂದು ರಾಕ್ ಬ್ಯಾಂಡಿನಲ್ಲಿದ್ದೆ. ದಾವಣಗೆರೆಯಲ್ಲಿ ಓದುವಾಗ ನಾಲ್ಕು ಜನ ಗೆಳೆಯರು ಸೇರಿ ಕಟ್ಟಿದ ಬ್ಯಾಂಡು. ಕಾಲೇಜು ಫೆಸ್ಟುಗಳಿಂದ ಶುರುವಾಗಿ ಹುಬ್ಬಳ್ಳಿ, ಮೈಸೂರು, ಬೆಂಗಳೂರು ಅಂತ ತಿರುಗಿದೆವು. ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮಪ್ಪ ಅದನ್ನು ಮೊದಲ ಸಲ ನೋಡಿ, “ಎಲ್ಲಾರ ಗಿಟಾರಿಗೂ ಆರು ತಂತಿ ಇರ್ತಾವು, ನಿಂದಕ್ಕ ನಾಕ ಅದಾವಲ್ಲಲೇ” ಅಂದಿದ್ದರು. ಬೇಸ್ ಇರುವಷ್ಟು ಹೊತ್ತು ಯಾರ ಕಿವಿಗೂ ಬೀಳುವುದಿಲ್ಲ, ನಿಂತ ಕೂಡಲೇ ಹಾಡು ಟೊಳ್ಳಾಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ.

ನಮ್ಮ ಬ್ಯಾಂಡಿಗೆ ಹೆಸರು ತಂದದ್ದು ಒಂದೇ ಒಂದು ಹಾಡು. ಅದರ ರಾಗ ನನ್ನದು. ಹರಿಹರದ ರೈಲಿನಲ್ಲಿ ಕೂತು ಗುನುಗುತ್ತ ಕಟ್ಟಿದ್ದು. ಸಿ.ಡಿ. ಬಂದಾಗ ಅದರ ಹಿಂದೆ ‘ಸಂಗೀತ’ ಎಂಬಲ್ಲಿ ನಮ್ಮ ಗಾಯಕನ ಹೆಸರಿತ್ತು. ಕೇಳಿದ್ದಕ್ಕೆ ಅವನು, “ಬೇಸ್ ಬಾರಿಸೋದು ಬೇರೆ, ಹಾಡು ಕಟ್ಟೋದು ಬೇರೆ” ಅಂದ. ಅದೇ ವರ್ಷ ನಾನು ಬ್ಯಾಂಡು ಬಿಟ್ಟೆ. ಆಮೇಲೆ ಎಷ್ಟೋ ವರ್ಷ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಸಿಕ್ಕಸಿಕ್ಕವರ ಮುಂದೆ ಈ ಕಥೆ ಹೇಳಿಕೊಂಡು ತಿರುಗಿದೆ. ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮದು ಮಾಡಿಕೊಂಡರೆ ಹೇಗಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ವಾಪಸು ಬಂದು ಕೂಡ್ಲಿಗಿಯಲ್ಲಿ ಒಂದು ರೆಕಾರ್ಡಿಂಗ್ ರೂಮು ಹಾಕಿದೆ. ಬಸ್ ನಿಲ್ದಾಣದ ಹತ್ತಿರ, ಬೀಜ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆದು ದನಿ ಹೊರಗೆ ಹೋಗದಂತೆ ಮಾಡಿದ್ದೆ. ಆದರೂ ಹೆದ್ದಾರಿಯ ಲಾರಿ ಹಾರನ್ನು ಒಳಗೆ ಬರುತ್ತಿತ್ತು. ಹೊಟ್ಟೆಪಾಡಿಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಹೋಗುವ ಪ್ರಚಾರದ ಮಾತು, ಚುನಾವಣೆ ಬಂದರೆ ಪಕ್ಷದ ಹಾಡು, ಸೀರೆ ಅಂಗಡಿಯ ರಿಯಾಯಿತಿ ಮಾರಾಟದ ಜಾಹೀರಾತು. ನನ್ನ ಹೆಂಡತಿ ಗುಡೇಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಟೀಚರು. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಆ ಆಲ್ಬಂ ಮಾಡಬೇಕೆಂಬ ಹುಚ್ಚು ನನಗೆ ಹತ್ತಿದಾಗ ಸುತ್ತಲಿನ ಊರುಗಳ ಕಲಾವಿದರನ್ನು ಒಟ್ಟು ಮಾಡಬೇಕು, ಅವರ ಜೊತೆ ನನ್ನ ಬೇಸ್ ಗಿಟಾರ್ ಕೂಡಿಸಬೇಕು ಎಂಬ ಆಲೋಚನೆಯೇ ದೊಡ್ಡದಾಗಿ ಕಂಡಿತ್ತು. ಐದು ಹಾಡು ಬೇಗ ಆದವು. ಉಳಿದೆರಡಕ್ಕೆ ಏನೂ ಹೊಳೆಯದೆ ಕೂತಿದ್ದೆ.

ಒಂದು ಸಂಜೆ ಹೆಂಡತಿ ಶಾಲೆಯಿಂದ ಬಂದವಳೇ ಫೋನು ನನ್ನ ಕೈಗೆ ಕೊಟ್ಟು, “ಇದನ್ನ ಕೇಳ್ರಿ” ಅಂದಳು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಅಕ್ಕಿ ಆರಿಸುತ್ತ ಹಾಡಿಕೊಂಡದ್ದು. ನನ್ನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ರೆಕಾರ್ಡು ಮಾಡಿದ್ದಳು. ಮೊರದಲ್ಲಿ ಅಕ್ಕಿ ಉಜ್ಜುವ ಸದ್ದಿನ ಮೇಲೆ ಆ ದನಿ. ಸ್ವಲ್ಪ ಒಡಕು, ಆದರೆ ಶ್ರುತಿ ಬಿಡದ ದನಿ. ರಾಗ ಮೇಲೆ ಹೋಗಿ ಇನ್ನೇನು ಮುಗಿಯಿತು ಅನ್ನುವಾಗ ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿತ್ತು. ಅಂಥ ತಿರುವನ್ನು ನಾನು ಎಲ್ಲೂ ಕೇಳಿರಲಿಲ್ಲ. ಎಲ್ಲೂ ಕೇಳಿರಲಿಲ್ಲ ಅಂದ ಮೇಲೆ ಅದು ಯಾರದೋ ಒಬ್ಬರದು ಇರಬೇಕು ಎಂದು ನನಗೆ ಹೊಳೆಯಬೇಕಿತ್ತು.

“ಚಲೋ ಐತಿ. ಆಕೀನ್ನ ಕರ್ಕೊಂಡು ಬಾ” ಅಂದೆ.

ಒಂದು ಭಾನುವಾರ ಇಬ್ಬರೂ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಯಾವುದೋ ಮುಖ್ಯ ಕೆಲಸಕ್ಕೆ ಬಂದವಳ ಹಾಗೆ ಬಂದಿದ್ದಳು. ಚಪ್ಪಲಿಯನ್ನು ಕೆಳಗೆ ಮೆಟ್ಟಿಲ ಹತ್ತಿರವೇ ಬಿಟ್ಟಿದ್ದಳು. ನನ್ನನ್ನು ‘ಅಣ್ಣಾರ’ ಅಂದಳು. ನಾನು ‘ಅಕ್ಕಾ’ ಅಂದೆ. ಹೆಸರು ಕೇಳಲಿಲ್ಲ. ಮೈಕು ತೋರಿಸಿದಾಗ, “ಇದರಾಗ ಹಾಡಿದ್ರ ಎಷ್ಟು ದಿನ ಇರ್ತೈತ್ರಿ ಅಣ್ಣಾರ?” ಎಂದು ಕೇಳಿದಳು.

“ಅದು ಯಾವಾಗ್ಲೂ ಇರ್ತೈತಕ್ಕಾ. ಹೋಗಂಗಿಲ್ಲ” ಅಂದೆ. ಕಲಿಯದವರ ಪ್ರಶ್ನೆ ಎಂದು ಒಳಗೊಳಗೆ ನಕ್ಕಿದ್ದೂ ಉಂಟು.

ಮೂರು ನುಡಿ ಹಾಡಿದಳು. ಒಂದು ಹುಡುಗಿಯನ್ನು ಕುರಿತ ಹಾಡು. ಹಾಲಲ್ಲು ಬಿದ್ದಾವು, ಹಂಚಿನ ಮ್ಯಾಲ ಒಗದಾಳ, ಬಾ ನಗು ನೋಡೋಣ ಅಂತ ಒಂದು ನುಡಿ. ಎರಡು ಜಡಿಗೆ ರಿಬ್ಬನ್ನು ಸಾಲವಲ್ದು ಅಂತ ಇನ್ನೊಂದು. ಲಂಗ ಗಿಡ್ಡಾತು, ಅಂಚು ಬಿಚ್ಚಿ ಹೊಲದೀನಿ ಅಂತ ಮತ್ತೊಂದು. ಪ್ರತಿ ನುಡಿಯ ಕೊನೆಗೆ ಒಂದು ಹೂವಿನ ಹೆಸರು ಬರುತ್ತಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಡಗಲಿ ಕಡೆ ಹೂವಿನ ತೋಟಗಳು, ನಮ್ಮ ಹಾಡಿನಲ್ಲೂ ಹೂವು ಬಂತು, ಒಳ್ಳೆಯದೇ ಆಯಿತು ಎಂದುಕೊಂಡೆ.

ಅವಳು ನಿಧಾನಕ್ಕೆ ಹಾಡುತ್ತಿದ್ದಳು. ನನಗೆ ಅದು ಬೇಕಿರಲಿಲ್ಲ. ಆಲ್ಬಮ್ಮಿನಲ್ಲಿ ಕುಣಿಯುವಂಥ ಹಾಡು ಒಂದೂ ಇರಲಿಲ್ಲ. ಹೆಡ್‌ಫೋನ್ ಹಾಕಿಸಿ, ಕಿವಿಗೆ ಟಕ್ ಟಕ್ ಎಂದು ತಾಳ ಕೇಳಿಸುತ್ತ, “ಇದರ ಜೊತಿಗೆ ಹಾಡಕ್ಕಾ, ಸ್ವಲ್ಪ ಜೋರು. ನಕ್ಕೊಂತ ಹಾಡು. ನಕ್ಕರ ದನಿ ಬೆಳಕಾಗ್ತೈತಿ” ಅಂದೆ.

ಅವಳು ನನ್ನ ಹೆಂಡತಿಯ ಮುಖ ನೋಡಿದಳು. ಆಮೇಲೆ ನಕ್ಕಳು. ನಗುತ್ತಲೇ ಹಾಡಿದಳು. ಒಂದೇ ಸಲಕ್ಕೆ ಸರಿಯಾಯಿತು.

“ಇನ್ನೂ ಅದಾವ್ರಿ ನುಡಿ” ಅಂದಳು.

“ಮೂರು ಸಾಕಕ್ಕಾ” ಅಂದೆ. “ಎಲ್ಲಾ ಆದ ಮ್ಯಾಲ ಇಲ್ಲೇ ಕರ್ಕೊಂಬಂದು ಕೇಳಸ್ತೀನಿ.”

ಮುಂದಿನ ವಾರ ಹರಪನಹಳ್ಳಿಯಿಂದ ಕ್ಲಾರಿಯೋನೆಟ್ಟಿನ ಹಿರಿಯರು ಬಂದರು. ಅರವತ್ತು ದಾಟಿದವರು, ಮೂರು ತಲೆಮಾರಿನ ಮದುವೆಗಳಿಗೆ ನುಡಿಸಿದವರು. ಅವಳ ದನಿಯನ್ನು ಕೇಳಿಸಿದೆ, ಮೊದಲು ನಿಧಾನದ್ದು, ಆಮೇಲೆ ಜೋರಿನದು. ಎರಡನೆಯದು ಮುಗಿಯುವ ಮೊದಲೇ ಅವರು ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ತಮ್ಮಾ, ಇದು ಕುಣಿಯ ಹಾಡಲ್ಲ ಅನ್ನಿಸ್ತತಿ ನಂಗೆ.”

“ಯಾಕ್ರಿ?”

“ಮದ್ವಿ ಮನೇಲಿ ಹೆಣ್ಣು ಒಪ್ಪಿಸಿ ಕೊಡಾವಾಗ ನಾವೊಂದು ನುಡಿಸ್ತೀವಲ್ಲ, ಇದ್ರ ಎಳೆ ಹಂಗೇ ಐತಿ. ಆ ಹೆಣ್ಮಗಳಿಗೆ ಒಂದು ಮಾತು ಕೇಳಿದ್ಯಾ, ಯಾವಾಗ ಹಾಡ ಹಾಡು ಇದು ಅಂತ?”

“ಅಕ್ಕಿ ಆರಿಸಾಗ ಹಾಡ್ತಾಳ್ರೀ” ಅಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವರು ನಗಲಿಲ್ಲ. ವಯಸ್ಸಾದವರು, ಹೊಸದು ಹಿಡಿಸುವುದಿಲ್ಲ ಎಂದುಕೊಂಡೆ. ನುಡಿಸಿಕೊಟ್ಟು, ಚಹಾ ಕುಡಿಯದೆ ಬಸ್ಸಿಗೆ ಹೋದರು.

ಆಮೇಲೆ ಮಾಡಿದ್ದನ್ನು ಬಿಡಿಸಿ ಹೇಳಲೇಬೇಕು. ಅವಳ ದನಿಯನ್ನು ಇನ್ನೂ ಸ್ವಲ್ಪ ಓಡಿಸಿದೆ. ಹಲಗೆ ಸೇರಿಸಿದೆ, ಅದರ ಕೆಳಗೆ ನನ್ನ ಬೇಸು. ಎರಡನೆಯ ನುಡಿಯನ್ನು ನಾನೇ ಹಾಡಿದೆ. ಹಗರಿಬೊಮ್ಮನಹಳ್ಳಿಯ ಭಜನೆಯವರಿಂದ ಆ ಹೂವಿನ ಹೆಸರನ್ನು ಎಂಟು ಸಲ ಕೂಗಿಸಿದೆ. ‘ಲಂಗ ಗಿಡ್ಡಾತು’ ಎಂಬ ಸಾಲು ಬರುವ ಮುಂಚೆ ಒಂದು ಕ್ಷಣ ಎಲ್ಲ ವಾದ್ಯ ನಿಲ್ಲಿಸಿ, ಅಲ್ಲೊಂದು ಉದ್ದ ಸಿಳ್ಳೆ ಹಾಕಿದೆ. ಸಿಳ್ಳೆ ಹೊಡೆದವನು ನಾನೇ. ಅದು ಸರಿಯಾಗಿ ಕೂತಿತೆಂದು ಅವತ್ತು ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ಕೇಳಿ ಖುಷಿಪಟ್ಟೆ.

ಆಲ್ಬಂ ಬಿಡುಗಡೆಗೆ ವಿವರ ತುಂಬುವಾಗ ಪ್ರತಿ ಹಾಡಿಗೂ ಸಾಹಿತ್ಯ ಯಾರದು, ರಾಗ ಯಾರದು ಎಂಬ ಕಾಲಂಗಳಿದ್ದವು. ಎರಡಕ್ಕೂ ‘ಜಾನಪದ’ ಎಂದು ಬರೆದೆ. ಸಂಯೋಜನೆ ಎಂಬಲ್ಲಿ ನನ್ನ ಹೆಸರು. ಗಾಯನ ಎಂಬಲ್ಲಿ ನನ್ನ ಹೆಸರು, ಅದರ ಪಕ್ಕ ‘ಮತ್ತು ಗ್ರಾಮೀಣ ಗಾಯಕಿ’. ಹೆಂಡತಿಗೆ ಒಂದು ಫೋನ್ ಮಾಡಿದ್ದರೆ ಆ ಹೆಂಗಸಿನ ಹೆಸರು ಗೊತ್ತಾಗುತ್ತಿತ್ತು. ಆವತ್ತು ಫೋನ್ ನನ್ನ ಕೈಯಲ್ಲೇ ಇತ್ತು.

ಬೇರೆ ಆರು ಹಾಡು ಯಾರೂ ಕೇಳಲಿಲ್ಲ. ಅದೊಂದು ಓಡಿತು. ಮೊದಲು ಮದುವೆ ಮೆರವಣಿಗೆಯ ಡಿಜೆಯವರು ಹಿಡಿದರು, ಆಮೇಲೆ ಆಟೋದವರು, ಆಮೇಲೆ ಫೋನಿನಲ್ಲಿ ಕುಣಿಯುವ ಹುಡುಗ ಹುಡುಗಿಯರು. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತಾಗ ಮೂರು ಕಡೆಯಿಂದ ಒಂದೇ ಹಾಡು ಕೇಳಿಸಿದ್ದುಂಟು. ಬ್ಯಾಂಡು ಬಿಟ್ಟ ಮೇಲೆ ಮೊದಲ ಸಲ ಜನ ನನ್ನ ಕೈ ಕುಲುಕಿದರು. ಬೆಂಗಳೂರಿನ ಒಬ್ಬ ಯುವಕ ತನ್ನ ಚಾನೆಲ್ಲಿಗೆ ಸಂದರ್ಶನ ಮಾಡಿದ. “ಈ ಹಾಡು ಎಲ್ಲಿ ಸಿಕ್ತು ಸರ್?” ಎಂದು ಕೇಳಿದ. ನಾನು ಕುರ್ಚಿಗೆ ಒರಗಿ, “ನಮ್ಮ ಭಾಗದ ಹಳೇ ಹಾಡು ಇದು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದದ್ದು. ಇಂಥದ್ದನ್ನೆಲ್ಲ ಹಳ್ಳಿಹಳ್ಳಿ ತಿರುಗಿ ಹುಡುಕಬೇಕಾಗುತ್ತೆ” ಅಂದೆ. ನಾನು ಒಂದು ಹಳ್ಳಿಯನ್ನೂ ತಿರುಗಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಹೇಳುವಾಗಲೇ ಗೊತ್ತಿತ್ತು. ಆದರೆ ಅದು ಸಣ್ಣ ಸುಳ್ಳು ಅಂತ ನನ್ನ ಲೆಕ್ಕ.

“ಹಾಡಿದಾಕಿಗೆ ಕೇಳ್ಸಲಿಲ್ಲಲ್ರಿ ಇನ್ನಾ” ಎಂದು ಹೆಂಡತಿ ಎರಡು ಮೂರು ಸಲ ಅಂದಳು. “ನನ್ನ ಫೋನಿನ್ಯಾಗ ಕೇಳಸ್ತೀನಿ ಅಂದ್ರ, ಬ್ಯಾಡ್ರಿ, ಅಣ್ಣಾರ ಅಲ್ಲೇ ಕರ್ಕೊಂಡು ಹೋಗಿ ಕೇಳಸ್ತೀನಿ ಅಂದಾರ ಅಂತಾಳ.”

“ಕರ್ಕೊಂಬರೋಣ ತಗಾ” ಅಂದೆ. ಹಾಗೇ ತಿಂಗಳು ಕಳೆದವು.

ಶಾಲೆಯ ವಾರ್ಷಿಕೋತ್ಸವ ಬಂತು. ಅಲ್ಲಿನ ಇನ್ನೊಬ್ಬ ಟೀಚರು ನನ್ನ ಹೆಂಡತಿಗೆ ಖುಷಿಯಾಗಲಿ ಎಂದು, ಅವಳಿಗೆ ತಿಳಿಸದೆ, ನನ್ನ ಹಾಡಿಗೆ ಮಕ್ಕಳಿಗೆ ಡ್ಯಾನ್ಸು ಕಲಿಸಿದ್ದರು. ನನ್ನನ್ನು ಅತಿಥಿ ಅಂತ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಆರೇಳು ವರ್ಷದ ಹತ್ತು ಹುಡುಗಿಯರು ಲಂಗ ರವಿಕೆ ತೊಟ್ಟು ವೇದಿಕೆಗೆ ಬಂದರು. ಹಾಡು ಶುರುವಾಯಿತು. ಹೂವಿನ ಹೆಸರು ಬಂದಾಗೆಲ್ಲ ಅವರು ಕಾಗದದ ಹೂವು ಎತ್ತಿ ಹಿಡಿಯುತ್ತಿದ್ದರು. ಸಿಳ್ಳೆ ಬಂದಾಗ ಹಿಂದೆ ನಿಂತಿದ್ದ ಊರ ಹುಡುಗರೂ ಸಿಳ್ಳೆ ಹಾಕಿದರು. ಜನ ನಕ್ಕರು. ನಾನೂ ನಕ್ಕೆ. ಒನ್ಸ್ ಮೋರ್ ಎಂದು ಕೂಗಿದ್ದಕ್ಕೆ ಮಕ್ಕಳು ಇನ್ನೊಂದು ಸಲ ಕುಣಿದರು.

ನಾನು ನೋಡದೆ ಇದ್ದದ್ದನ್ನು ನನ್ನ ಹೆಂಡತಿ ನೋಡಿದ್ದಳು. ಎಲ್ಲರಿಗೂ ಉಪ್ಪಿಟ್ಟು ಮಾಡುತ್ತಿದ್ದ ಆ ಹೆಂಗಸು ಹಾಡು ಕೇಳಿ ಅಡುಗೆ ಕೋಣೆಯ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಮೊದಲು ಮುಖ ಅರಳಿತಂತೆ. ಭಜನೆಯವರು ಹೆಸರು ಕೂಗಲು ಶುರು ಮಾಡಿದಾಗ ಅವಳು ಕಟ್ಟೆಯ ಮೇಲೆ ಕೂತಳಂತೆ. ಸಿಳ್ಳೆ ಬಂದಾಗ ಎದ್ದು ಶಾಲೆಯ ಹಿಂದೆ ಹೋದಳು. ನನ್ನ ಹೆಂಡತಿ ಹಿಂದೆಯೇ ಹೋದಳು. ಉಪ್ಪಿಟ್ಟು ಅವತ್ತು ತಳ ಹಿಡಿದಿತ್ತು. ಅದರ ಬಗ್ಗೆ ನಾನೇ ತಮಾಷೆ ಮಾಡಿದ್ದು ನೆನಪಿದೆ.

ಹೆಂಡತಿ ನನ್ನ ಜೊತೆ ಬೈಕಿನಲ್ಲೇ ವಾಪಸು ಬಂದಳು. ಮನೆಗೆ ಬಂದು, ನೀರು ಕುಡಿದು, ಅಡುಗೆ ಮನೆಯ ಹೊಸ್ತಿಲ ಮೇಲೆ ನಿಂತು ಕೇಳಿದಳು.

“ನೀವು ಆಕೀನ್ನ ಒಂದು ಸಲನಾದ್ರೂ ಕೇಳಿದ್ರೇನು, ಈ ಹಾಡು ಯಾರದು ಅಂತ?”

“ಜಾನಪದ ಅಲ್ಲೇನು ಅದು?”

“ಹಂಗಂತ ಆಕಿ ಹೇಳಿದ್ಳೇನು?”

“ಇಲ್ಲ. ನಾನ ಅಂದ್ಕೊಂಡೆ.”

“ಯಾಕ ಅಂದ್ಕೊಂಡ್ರಿ?”

ಬಿಸಿಯೂಟದ ಒಲೆ ಮುಂದೆ ಕೂತವಳು ಅಂಥ ರಾಗ ತಾನೇ ಕಟ್ಟಬಲ್ಲಳು ಎಂದು ನನ್ನ ತಲೆಗೆ ಬಂದೇ ಇರಲಿಲ್ಲ. ಅವಳ ಬಾಯಲ್ಲಿದ್ದದ್ದು ಊರಿನದಿರಬೇಕು, ಊರಿನದೆಂದರೆ ಯಾರದೂ ಅಲ್ಲ, ಯಾರದೂ ಅಲ್ಲವೆಂದರೆ ನನ್ನದು. ಬೇಸ್ ಬಾರಿಸುವುದು ಬೇರೆ, ಹಾಡು ಕಟ್ಟುವುದು ಬೇರೆ ಎಂದು ನನ್ನ ಗಾಯಕ ನನ್ನ ಮುಖಕ್ಕಾದರೂ ಹೇಳಿದ್ದ, ನಾನು ಆ ಹೆಂಗಸಿಗೆ ಅಂಥದ್ದೊಂದು ಮಾತನ್ನು ಹೇಳಿಯೂ ಇರಲಿಲ್ಲ. ಹೇಳುವ ಅಗತ್ಯವೇ ಕಂಡಿರಲಿಲ್ಲ.

“ಅದು ಆಕಿ ಮಗಳ ಹೆಸರು” ಅಂದಳು ಹೆಂಡತಿ. “ಹೂವಲ್ಲ. ಐದು ವರ್ಷದ ಕೂಸು, ಮೂರು ದಿನ ಜ್ವರ ಬಂದು ಹೋಗೇತಿ. ಹನ್ನೊಂದು ವರ್ಷ ಆತು.”

ಮುಂದಿನದನ್ನೂ ಅವಳೇ ಹೇಳಿದಳು.

“ವರ್ಷಕ್ಕೊಂದು ನುಡಿ ಕಟ್ತಾಳಂತ. ಕೂಸು ಇದ್ದಿದ್ರ ಈ ವರ್ಷ ಏನು ಮಾಡ್ತಿತ್ತು, ಎಷ್ಟು ಬೆಳೀತಿತ್ತು ಅಂತ. ಹಾಲಲ್ಲು ಬಿದ್ದಿದ್ದು ಆರನೇ ವರ್ಷದ್ದು.” ನೀರಿನ ಲೋಟ ಒಳಗಿಟ್ಟು ಬಂದು ಹೇಳಿದಳು, “ಆ ಲಂಗ ಗಿಡ್ಡಾಗಿದ್ದು ಎಂಟನೇದು. ನೀವು ಸಿಳ್ಳೆ ಹೊಡದಿದ್ದು.”

ಎಂಟು ವರ್ಷದ ಮಗುವಿಗೆ. ಅದೂ ಎಂಟು ವರ್ಷ ತುಂಬುವಷ್ಟು ಬದುಕದ ಮಗುವಿಗೆ.

ಮರುದಿನ ಮಾಡಿದ ಕೆಲಸವನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಬಜಾರಿಗೆ ಹೋಗಿ ಒಂದು ಶಾಲು, ಒಂದು ಸೀರೆ, ಸೇಬು ಮೋಸಂಬಿ ತಗೊಂಡೆ. ಸನ್ಮಾನಕ್ಕೆ ಹೋಗುವವರ ಹಾಗೆ ಬುಟ್ಟಿ ಹಿಡಿದುಕೊಂಡು ಶಾಲೆಗೆ ಹೋದೆ. ಹೆಂಡತಿ ತರಗತಿಯ ಕಿಟಕಿಯಿಂದ ನೋಡಿದಳು, ಹೊರಗೆ ಬರಲಿಲ್ಲ. ಅಡುಗೆ ಕೋಣೆಯಲ್ಲಿ ಆ ಹೆಂಗಸು ಬದನೆಕಾಯಿ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬುಟ್ಟಿಯನ್ನು ಎಲ್ಲಿ ಇಡಬೇಕೋ ತಿಳಿಯದೆ ಬಾಗಿಲಲ್ಲೇ ಹಿಡಿದುಕೊಂಡಿದ್ದೆ.

“ಬರ್ರಿ ಸರ್” ಅಂದಳು. ಅಣ್ಣಾರ ಅನ್ನಲಿಲ್ಲ.

ಬರುವ ದಾರಿಯಲ್ಲಿ ಮಾತು ಕಟ್ಟಿಕೊಂಡು ಬಂದಿದ್ದೆ. ಹೇಳಿದೆ. “ಅಕ್ಕಾ, ತಪ್ಪಾತು. ಹಾಡು ನಿಂದು ಅಂತ ಗೊತ್ತಿರಲಿಲ್ಲ. ಇವತ್ತ ಸರಿ ಮಾಡ್ತೀನಿ. ನಿನ್ನ ಹೆಸರು ಹಾಕಸ್ತೀನಿ, ಬರದಾಕಿ, ರಾಗ ಕಟ್ಟಿದಾಕಿ ಅಂತ. ಎಲ್ಲಾ ಕಡೆ.”

ಅವಳು ಕೂತು ಮತ್ತೆ ಬದನೆಕಾಯಿ ಕೈಗೆ ತಗೊಂಡಳು. “ನನ್ನ ಹೆಸರು ತಗೊಂಡು ಏನು ಮಾಡ್ಲಿ ಸರ್. ಆಕಿ ಹೆಸರು ಹಂಗ ಕೂಗಸೀರಲ್ಲ, ಅಷ್ಟು ಮಂದಿ.”

“ಹೂವಿನ ಹೆಸರು ಅಂದ್ಕೊಂಡಿದ್ದೆ.”

“ಹೂವಿನ ಹೆಸರ ಇಟ್ಟಿದ್ವಿ.”

ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ನಾನು ನೆಲ ನೋಡುತ್ತಿದ್ದೆ. “ನಿನ್ನ ನಕ್ಕೊಂತ ಹಾಡು ಅಂದಿದ್ದೆ. ಅದಕ್ಕೂ ತಪ್ಪಾತಕ್ಕಾ” ಅಂದೆ. ರಾತ್ರಿಯೆಲ್ಲ ನನ್ನನ್ನು ಹಿಂಡಿದ್ದು ಅದೇ.

ಅವಳು ತಲೆ ಎತ್ತಿದಳು. “ಅದು ತಪ್ಪಲ್ರಿ. ಮನ್ಯಾಗ ಹಾಡಾಗೂ ನಗತೀನಿ ನಾನು. ಆಕಿ ಮುಂದ ಅತ್ತು ಏನು ಮಾಡ್ಲಿ?” ಅಂದಳು. ಆಮೇಲೆ ಅವಳೇ ಮುಂದುವರಿಸಿದಳು. “ನಾ ಯಾಕ ಬಂದೆ ಗೊತ್ತೈತೇನ್ರಿ ಅವತ್ತು? ಆಕಿದು ಒಂದೂ ಫೋಟೋ ಇಲ್ರಿ. ಸಾಲಿಗೆ ಹಾಕಾಗ ತೆಗಸಿದ್ರಾತು ಅಂತ ಬಿಟ್ವಿ. ಮೇಡಮ್ನೋರು ಮಿಷನ್ನ್ಯಾಗ ಹಾಡು ಇಡ್ತಾರ ಅಂದ್ರು. ನಾ ಸತ್ತ ಮ್ಯಾಲೂ ಇರ್ತೈತಿ ಅಂದ್ಕೊಂಡು ಬಂದೆ.”

ಯಾವಾಗಲೂ ಇರುತ್ತದೆ, ಹೋಗುವುದಿಲ್ಲ ಎಂದು ನಾನೇ ಅವಳಿಗೆ ಹೇಳಿದ್ದೆ.

“ತೆಗದ ಬಿಡ್ತೀನಿ ಅಕ್ಕಾ. ಇವತ್ತ ತೆಗೀತೀನಿ.”

“ತೆಗದ್ರ ಮಂದಿ ಫೋನಿನ್ಯಾಗ ಇರೋದು ಹೋಗ್ತೈತೇನ್ರಿ?”

ಇಲ್ಲ ಎಂದು ತಲೆ ಆಡಿಸಿದೆ. “ಹಂಗಾದ್ರ ಇನ್ನೊಂದು ಸಲ ಬಾ. ಬರೇ ನಿನ್ನ ದನಿ. ಹನ್ನೊಂದೂ ನುಡಿ, ನೀ ಹೆಂಗ ಹಾಡ್ತೀಯೋ ಹಂಗ. ನಾನು ಏನೂ ಸೇರ್ಸಂಗಿಲ್ಲ.”

ಅವಳು ಬದನೆಕಾಯಿ ಕೆಳಗಿಟ್ಟಳು. ಸಿಟ್ಟಿನಿಂದ ಹೇಳಲಿಲ್ಲ. ಒಲೆಗೆ ಕಟ್ಟಿಗೆ ಮುಂದೆ ತಳ್ಳುತ್ತ, ಇರುವ ಸಂಗತಿ ತಿಳಿಸುವವಳ ಹಾಗೆ ಹೇಳಿದಳು.

“ಬರಂಗಿಲ್ಲ ಸರ್ ಈಗ. ನಿನ್ನಿ ಮನಿಗೆ ಹೋಗಿ ಹಾಡಾಕ ಕುಂತೆ. ನಿಮ್ಮ ಹಲಗಿ ಕೇಳ್ತೈತಿ ಒಳಗ. ಆ ಸಾಲು ಬಂತಂದ್ರ ಸಿಳ್ಳೆ ಕೇಳ್ತೈತಿ. ನಿಲ್ಲಸ್ಬೇಕಂದ್ರ ನಿಲ್ಲವಲ್ದು.”

ಬುಟ್ಟಿಯನ್ನು ತಗೊಂಡು ಹೋಗಲು ಹೇಳಿದಳು. ಹಣ್ಣು ಮಾತ್ರ ಮಕ್ಕಳಿಗೆ ಕೊಡಲೇ ಎಂದು ಕೇಳಿದೆ. ಕೊಡ್ರಿ ಅಂದಳು. ಶಾಲು ಸೀರೆ ವಾಪಸು ತಂದೆ. ಬಹಳ ದಿನ ರೂಮಿನಲ್ಲಿ ಮೈಕಿನ ಪೆಟ್ಟಿಗೆಯ ಮೇಲೆ ಹಾಗೇ ಇದ್ದವು.

ಅವತ್ತೇ ಹಾಡನ್ನು ಆಲ್ಬಮ್ಮಿನಿಂದ ತೆಗೆಸಿದೆ. ಸಂದರ್ಶನ ಮಾಡಿದ ಯುವಕನಿಗೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು, ಆ ಭಾಗ ತೆಗೆಯಿರಿ ಅಂದೆ. ಅವನು, “ಅದೇ ಚೆನ್ನಾಗಿ ಬಂದಿರೋದು ಸರ್” ಅಂದ. ಎರಡು ವಾರದ ಮೇಲೆ ತೆಗೆದ. ಅಂತರ್ಜಾಲದ ನನ್ನ ಪುಟದಲ್ಲಿ ನಾಲ್ಕು ಸಾಲು ಬರೆದೆ: ಆ ಹಾಡು ಜಾನಪದವಲ್ಲ, ಒಬ್ಬ ತಾಯಿಯದು, ಅವಳನ್ನು ಕೇಳದೆ ಕೆಡಿಸಿದ್ದೇನೆ, ದಯವಿಟ್ಟು ಹಾಕಬೇಡಿ. ಅದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವರು ಹಾಡು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು.

ಹರಪನಹಳ್ಳಿಗೆ ಹೋಗಿ ಕ್ಲಾರಿಯೋನೆಟ್ಟಿನ ಹಿರಿಯರಿಗೂ ಹೇಳಿದೆ. ಅವರು ಬೈದಿದ್ದರೆ ಒಳ್ಳೆಯದಿತ್ತು. “ನಾನೂ ನುಡಿಸಿದೀನಲ್ಲ ತಮ್ಮಾ. ಅವತ್ತೇ ಎದ್ದು ಹೋಗ್ಬೇಕಿತ್ತು” ಅಂದರು. ಅಲ್ಲಿಗೆ ನನ್ನ ತಪ್ಪು ಇನ್ನೊಬ್ಬರ ತಲೆಯ ಮೇಲೂ ಕೂತಿತು. ಅವರ ಬ್ಯಾಂಡಿನವರು ಮದುವೆಗಳಲ್ಲಿ ಆ ಹಾಡು ನುಡಿಸುತ್ತಿದ್ದರಂತೆ, ಬಿಡಿಸಿದರು. ನಾನು ಒಬ್ಬರನ್ನೂ ಬಿಡಿಸಲಾರದೆ ಹೋದೆ. ಕಳೆದ ವರ್ಷ ಹಡಗಲಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಮೆರವಣಿಗೆಯಲ್ಲಿ ಅದೇ ಹಾಡು. ಡಿಜೆ ಗಾಡಿಯ ಹತ್ತಿರ ಹೋಗಿ ನಿಲ್ಲಿಸಲು ಹೇಳಿದೆ.

“ಯಾಕ್ರಿ ಅಣ್ಣಾ, ಮಂದಿ ಇದಕ್ಕ ಕುಣಿಯಾಕತ್ತಾರ” ಅಂದ ಗಾಡಿಯವನು.

ಯಾಕೆ ಎಂದು ಹೇಳಬೇಕಿತ್ತು. ಅಷ್ಟು ಸದ್ದಿನಲ್ಲಿ, ಮದುಮಗನ ಎದುರಿನಲ್ಲಿ, ಇದನ್ನು ಮಾಡಿದವನು ನಾನೇ ಎಂದು ಕೂಗಿ ಹೇಳಬೇಕಿತ್ತು. ಸಿಳ್ಳೆ ಬರುವ ಮೊದಲೇ ಅಲ್ಲಿಂದ ಸರಿದು, ಊಟ ಮಾಡದೆ ಬಸ್ ಹಿಡಿದೆ. ನಾಚಿಕೆ ಆಗುತ್ತದೆ ಎಂದು ಹೇಳಿಕೊಳ್ಳುವುದು ಸುಲಭ. ಹೇಳಬೇಕಾದ ಜಾಗದಲ್ಲಿ ನಿಂತು ಹೇಳುವುದು ನನಗೆ ಆಗಲಿಲ್ಲ, ಅಷ್ಟೇ.

ಹೆಂಡತಿ ನನ್ನ ಜೊತೆ ಮಾತು ಬಿಡಲಿಲ್ಲ. ಆದರೆ ಶಾಲೆಯ ಸುದ್ದಿ ಮನೆಯಲ್ಲಿ ಹೇಳುವುದನ್ನು ನಿಲ್ಲಿಸಿದಳು. ಮೊದಲು ದಿನಾ ಹೇಳುತ್ತಿದ್ದಳು, ಯಾವ ಮಗು ಏನಂದಿತು, ಅಡುಗೆಯವಳು ಏನು ಹಾಡಿಕೊಂಡಳು ಅಂತ. ಫೋನಿನಲ್ಲಿದ್ದ ಆ ಮೊದಲ ರೆಕಾರ್ಡು, ಅಕ್ಕಿ ಆರಿಸುವ ಸದ್ದಿನದು, ಅವಳ ಹತ್ತಿರ ಇನ್ನೂ ಇದೆ. ಅದನ್ನು ಒಂದು ದಿನ ಆ ಹೆಂಗಸಿಗೆ ಕೇಳಿಸಿದಳಂತೆ. ಅವಳು ಪೂರ್ತಿ ಕೇಳಿ, “ಇದು ನಾನ” ಅಂದಳಂತೆ. ಇದು ಕೂಡ ನನಗೆ ಬಹಳ ದಿನದ ಮೇಲೆ, ಬೇರೆ ಮಾತಿನ ನಡುವೆ ಗೊತ್ತಾಯಿತು.

ಈ ಮಳೆಗಾಲ ಶುರುವಾದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಹೆಂಗಸಿಗೆ ಬರೆಯಲು ಬರುವುದಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನನ್ನ ಹೆಂಡತಿಯ ಎದುರು ಕೂತು ಒಂದೊಂದೇ ನುಡಿ ಹೇಳುತ್ತಾಳೆ. ಹಾಡುವುದಿಲ್ಲ, ಮಾತಿನಲ್ಲಿ ಹೇಳುತ್ತಾಳೆ. ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಹನ್ನೊಂದು ನುಡಿ ಮುಗಿದು ಈಗ ಹನ್ನೆರಡನೆಯದೂ ಬಂದಿದೆಯಂತೆ. ನನ್ನ ಸಿಳ್ಳೆ ಕೇಳಿದ ಮೇಲೆ ಕಟ್ಟಲಾಗದೆ ಬಿಟ್ಟಿದ್ದದ್ದು.

“ಏನೈತಿ ಅದರಾಗ?” ಎಂದು ಕೇಳಿದೆ.

“ಅದು ಮನಿಗೆ ತರೋದಲ್ಲ” ಅಂದಳು ಹೆಂಡತಿ. “ಸಾಲಿ ಬೀರುವಿನ್ಯಾಗ ಐತಿ.”